ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಮೂರು ವಾರ: ಹತ್ತು ಊರು ಬೇಡ, ನಾಲ್ಕು ಸಾಕು

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇರುವವರು. ನಾನು, ನನ್ನ ಹೆಂಡತಿ ಇಬ್ಬರೂ ಎಚ್-1ಬಿ ಕೆಲಸದ ವೀಸಾದವರು. ಊರಿಂದ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ. ವಯಸ್ಸು 66, ಮಂಡಿನೋವು ಇದೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಫೆಬ್ರವರಿಯಲ್ಲಿ ಮೂರು ವಾರ ರಜೆ ಹಾಕಿ ಕೆರಿಬಿಯನ್ ದ್ವೀಪದೇಶ ಡೊಮಿನಿಕನ್ ರಿಪಬ್ಲಿಕ್ ಪೂರ್ತಿ ಸುತ್ತಬೇಕು ಅಂದುಕೊಂಡಿದ್ದೇವೆ. ಪುಂಟಾ ಕಾನಾದಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಸಮನಾ, ಪ್ವೆರ್ಟೊ ಪ್ಲಾಟಾ, ಸಾಂಟಿಯಾಗೊ, ಕೊನ್ಸ್ಟಾನ್ಸಾ, ಬರಹೋನಾ, ಪೆಡೆರ್ನಾಲೆಸ್, ಸಾಂಟೊ ಡೊಮಿಂಗೊ ಎಲ್ಲಾ ನೋಡಿ ಮತ್ತೆ ಪುಂಟಾ ಕಾನಾಕ್ಕೆ ವಾಪಸ್. ಒಂದೊಂದು ಊರಲ್ಲಿ ಎರಡು ರಾತ್ರಿ. ಇದು ಆಗುವ ಮಾತಾ? ಅಮ್ಮನ ಊಟಕ್ಕೆ ಏನು ಮಾಡುವುದು?

ಉತ್ತರ: ಆಗುತ್ತದೆ. ಆದರೆ ಮೂರು ವಾರದಲ್ಲಿ ನೀವು ಜಾಸ್ತಿ ನೋಡುವುದು ಕಾರಿನ ಕಿಟಕಿಯಿಂದ ಹೊರಗೆ, ಅಷ್ಟೇ. ಅಮ್ಮನಿಗಂತೂ ಅದು ಪ್ರವಾಸ ಅನ್ನಿಸುವುದಿಲ್ಲ. ನಿಮ್ಮ ಪಟ್ಟಿಗೆ ಕತ್ತರಿ ಹಾಕಲೇಬೇಕು. ಅದಕ್ಕೂ ಮೊದಲು ನೀವು ಕೇಳದೇ ಇರುವ ಒಂದು ವಿಷಯ ಹೇಳಿಬಿಡುತ್ತೇನೆ. ಅದು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಪಾಸ್‌ಪೋರ್ಟ್ ತೆಗೆದು ನಿಮ್ಮಿಬ್ಬರ ಅಮೆರಿಕ ವೀಸಾ ಸ್ಟ್ಯಾಂಪಿನ ಕೊನೆಯ ದಿನಾಂಕ ನೋಡಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ, ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ, ಡೊಮಿನಿಕನ್ ರಿಪಬ್ಲಿಕ್ ಬೇರೆ ವೀಸಾ ಕೇಳುವುದಿಲ್ಲ. ಕೆನಡಾ, ಬ್ರಿಟನ್, ಷೆಂಗೆನ್ ವೀಸಾಗಳಿಗೂ ಇದೇ ನಿಯಮ. ಆದರೆ ಎಚ್-1ಬಿ ವಿಸ್ತರಣೆಯ ಅನುಮೋದನೆ ಪತ್ರ ಬೇರೆ, ಪಾಸ್‌ಪೋರ್ಟಿನ ಸ್ಟ್ಯಾಂಪ್ ಬೇರೆ. ಎಷ್ಟೋ ಜನರ ಬಳಿ ಪತ್ರ ಇರುತ್ತದೆ, ಸ್ಟ್ಯಾಂಪ್ ಮುಗಿದಿರುತ್ತದೆ. ಹಾಗಿದ್ದರೆ ಹೋಗುವುದೂ ಕಷ್ಟ, ವಾಪಸ್ ಬರುವುದು ಇನ್ನೂ ಕಷ್ಟ. "ಮುಗಿದ ಸ್ಟ್ಯಾಂಪಿನಲ್ಲೇ 30 ದಿನದೊಳಗೆ ವಾಪಸ್ ಬರಬಹುದಂತೆ" ಅಂತ ಯಾರಾದರೂ ಹೇಳಿರಬಹುದು. ಎಚ್-1ಬಿಯವರಿಗೆ ಆ ಸೌಲಭ್ಯ ಕೆನಡಾ, ಮೆಕ್ಸಿಕೊಗೆ ಮಾತ್ರ. ಹತ್ತಿರದ ಕೆರಿಬಿಯನ್ ದ್ವೀಪಗಳಿಗೂ ಅದು ಸಿಗುವುದು ವಿದ್ಯಾರ್ಥಿಗಳ ಎಫ್ ಮತ್ತು ವಿನಿಮಯ ಕಾರ್ಯಕ್ರಮದ ಜೆ ವೀಸಾದವರಿಗೆ, ಅದರಲ್ಲೂ ಕ್ಯೂಬಾ ಬಿಟ್ಟು. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ದಿನ ವಿಮಾನ ಕಂಪನಿಯಲ್ಲೂ ಡೊಮಿನಿಕನ್ ಕಾನ್ಸುಲೇಟ್‌ನಲ್ಲೂ ಒಮ್ಮೆ ಕೇಳಿಬಿಡಿ.

ಅಮ್ಮನ ವಿಸಿಟರ್ ವೀಸಾ ಮಲ್ಟಿಪಲ್ ಎಂಟ್ರಿ ಆಗಿದ್ದು, ದಿನಾಂಕ ಇನ್ನೂ ಇದ್ದರೆ ತೊಂದರೆಯಿಲ್ಲ. ಮರಳಿ ಬಂದಾಗ ಹೊಸದಾಗಿ ಆರು ತಿಂಗಳು ಸಿಗುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಅದು ಆ ಹೊತ್ತಿನ ಅಧಿಕಾರಿಗೆ ಬಿಟ್ಟದ್ದು. ಅವರಿಗೆ ಮಾಡಿಸಿರುವ ವಿಸಿಟರ್ ಇನ್ಶೂರೆನ್ಸ್ ಅಮೆರಿಕದ ಹೊರಗೆ ನಡೆಯುತ್ತದಾ ಅಂತಲೂ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ನಡೆಯುವುದಿಲ್ಲ. ನಡೆದರೂ ಕೆಲವೇ ದಿನಗಳಿಗೆ.

ಈಗ ಕತ್ತರಿ. ಈ ದೇಶದ ವಿಸ್ತೀರ್ಣ ಸುಮಾರು 48,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗ. ನಕ್ಷೆ ನೋಡಿದರೆ ಒಂದೇ ವಾರಕ್ಕೆ ಸುತ್ತಿ ಮುಗಿಸಬಹುದು ಅನ್ನಿಸುತ್ತದೆ. ಆದರೆ ನಟ್ಟನಡುವೆ ದೊಡ್ಡ ಬೆಟ್ಟಸಾಲು ಇದೆ. ಅದರಲ್ಲಿರುವ ಪಿಕೊ ಡುವಾರ್ಟೆ 3,000 ಮೀಟರ್ ದಾಟುತ್ತದೆ. ಇಡೀ ಕೆರಿಬಿಯನ್‌ನಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಹೀಗಾಗಿ ಒಳ್ಳೆಯ ರಸ್ತೆಗಳು ದ್ವೀಪವನ್ನು ಸುತ್ತುವುದಿಲ್ಲ. ರಾಜಧಾನಿ ಸಾಂಟೊ ಡೊಮಿಂಗೊದಿಂದ ಹೊರಟು ಒಂದೊಂದು ದಿಕ್ಕಿಗೆ ಹೋಗುತ್ತವೆ: ಪೂರ್ವಕ್ಕೆ ಪುಂಟಾ ಕಾನಾ, ಈಶಾನ್ಯಕ್ಕೆ ಸಮನಾ, ಉತ್ತರಕ್ಕೆ ಲಾ ವೇಗಾ ಮತ್ತು ಸಾಂಟಿಯಾಗೊ, ಪಶ್ಚಿಮಕ್ಕೆ ಬರಹೋನಾ. ನೀವು ಬರೆದಿರುವ ದೊಡ್ಡ ಸುತ್ತು ಕಾಗದದ ಮೇಲೆ ಚೆನ್ನಾಗಿದೆ. ರಸ್ತೆಯಲ್ಲಿ ಅದು ಮತ್ತೆ ಮತ್ತೆ ಸಾಂಟೊ ಡೊಮಿಂಗೊದ ಟ್ರಾಫಿಕ್‌ಗೇ ತಂದು ಹಾಕುತ್ತದೆ.

ನಿಮ್ಮ ದಾರಿಯಲ್ಲಿ ಎರಡು ಕಡೆ ನಕ್ಷೆ ಮೋಸ ಮಾಡುತ್ತದೆ. ಒಂದು, ಪುಂಟಾ ಕಾನಾದಿಂದ ಸಮನಾ. ಕೊಲ್ಲಿಯ ಆಚೆ ದಡ ಇಲ್ಲೇ ಇದೆ ಅನ್ನಿಸುತ್ತದೆ. ಕೊಲ್ಲಿ ದಾಟಲು ಸಬಾನಾ ಡೆ ಲಾ ಮಾರ್ ಎಂಬ ಊರಿಂದ ಜನರನ್ನು ಕರೆದೊಯ್ಯುವ ದೋಣಿ ಇದೆ, ಆದರೆ ಅದಕ್ಕೆ ಕಾರು ಹತ್ತುವುದಿಲ್ಲ. ಬಾಡಿಗೆ ಕಾರು ಇದ್ದರೆ ಬಳಸಿಕೊಂಡೇ ಹೋಗಬೇಕು. ಇನ್ನೊಂದು, ಕೊನ್ಸ್ಟಾನ್ಸಾದಿಂದ ದಕ್ಷಿಣಕ್ಕೆ ಇಳಿಯುವ ದಾರಿ. ಫೋನ್ ಅದನ್ನು ಹತ್ತಿರದ ದಾರಿ ಅಂತ ತೋರಿಸುತ್ತದೆ. ಅದು ವಾಯೆ ನುಯೆವೊ ಕಾಡಿನ ನಡುವೆ ಹಾದುಹೋಗುವ ಕಲ್ಲುದಾರಿ. ಎತ್ತರದ ಜೀಪು ಇದ್ದವರಿಗೇ ಸಾಕುಸಾಕಾಗುತ್ತದೆ. ಮಂಡಿನೋವಿನ ಅಮ್ಮನನ್ನು ಕೂರಿಸಿಕೊಂಡು ಅತ್ತ ತಲೆ ಹಾಕಬೇಡಿ.

ನನ್ನ ಸಲಹೆ ಹೀಗಿದೆ. ಸಾಂಟೊ ಡೊಮಿಂಗೊಗೆ ಬಂದು ಇಳಿಯಿರಿ, ಸಾಂಟಿಯಾಗೊದಿಂದ ವಾಪಸ್ ಹೊರಡಿ. ನ್ಯೂಯಾರ್ಕ್‌ನಲ್ಲಿ ಡೊಮಿನಿಕನ್ನರು ಲಕ್ಷಾಂತರ ಇದ್ದಾರೆ, ಹಾಗಾಗಿ ನ್ಯೂಯಾರ್ಕ್, ನ್ಯೂವಾರ್ಕ್ ಕಡೆಯಿಂದ ಎರಡೂ ಊರಿಗೆ ನೇರ ವಿಮಾನ ಇದೆ. ಸುಮಾರು ನಾಲ್ಕು ಗಂಟೆಯ ದಾರಿ. (ಚಕ್ರ ನೆಲ ಮುಟ್ಟಿದ ತಕ್ಷಣ ವಿಮಾನದವರೆಲ್ಲ ಚಪ್ಪಾಳೆ ಹೊಡೆದರೆ ಗಾಬರಿ ಬೇಡ, ಅದು ಅವರ ರೂಢಿ.) ಸಾಂಟೊ ಡೊಮಿಂಗೊದಲ್ಲಿ ಐದು ರಾತ್ರಿ, ಸಮನಾದಲ್ಲಿ ಆರು, ಉತ್ತರ ಕರಾವಳಿಯಲ್ಲಿ ನಾಲ್ಕು, ಬೆಟ್ಟದಲ್ಲಿ ಐದು, ಕೊನೆಯ ರಾತ್ರಿ ಸಾಂಟಿಯಾಗೊ. ಒಟ್ಟು 21. ಹೋದ ದಾರಿಯಲ್ಲೇ ವಾಪಸ್ ಬರುವ ಪ್ರಮೇಯವೇ ಇಲ್ಲ.

ಪುಂಟಾ ಕಾನಾ ಬಿಟ್ಟುಬಿಡಿ. ಊಟ, ಕುಡಿತ, ಕೋಣೆ ಎಲ್ಲಾ ಸೇರಿಸಿ ಒಂದೇ ಬಿಲ್ ಹಾಕುವ ರೆಸಾರ್ಟುಗಳ ಊರು ಅದು. ನಾಲ್ಕು ದಿನ ಸುಮ್ನೆ ಬಿದ್ದುಕೊಳ್ಳಲು ಹೋಗುವವರಿಗೆ ಸರಿ. ದೇಶ ನೋಡಲು ಹೊರಟ ನಿಮಗೆ ಅದು ಬೇಕಿಲ್ಲ. ಕುಡಿಯದ, ಮಾಂಸ ತಿನ್ನದ ಅಮ್ಮನಿಗೂ ಅಲ್ಲಿ ಪೂರ್ತಿ ದರ ತೆರಬೇಕು.

ಬರಹೋನಾ, ಪೆಡೆರ್ನಾಲೆಸ್ ಬಿಡಿ ಅನ್ನಲು ಮಾತ್ರ ನನಗೆ ಮನಸ್ಸಿಲ್ಲ. ದೇಶದ ಚಂದವೆಲ್ಲ ನೈಋತ್ಯ ಮೂಲೆಯಲ್ಲೇ ಇದೆ ಅನ್ನುವವನು ನಾನು. ಕೆರಿಬಿಯನ್‌ನ ಅತಿ ದೊಡ್ಡ ಕೆರೆ ಎನ್ರಿಕಿಯೊ ಅಲ್ಲಿದೆ. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಉಪ್ಪುನೀರಿನ ಕೆರೆ, ಅದರಲ್ಲಿ ಮೊಸಳೆಗಳು. ತಿಳಿನೀಲಿ ಬಣ್ಣದ ಲಾರಿಮಾರ್ ಕಲ್ಲು ಸಿಗುವುದು ಪ್ರಪಂಚದಲ್ಲಿ ಆ ಬೆಟ್ಟದಲ್ಲಿ ಮಾತ್ರ. ಬಾಹಿಯಾ ಡೆ ಲಾಸ್ ಆಗಿಲಾಸ್ ಎಂಬ ಕಡಲತೀರದಲ್ಲಿ ಒಂದೇ ಒಂದು ಹೋಟೆಲ್ ಇಲ್ಲ. ಆದರೆ ಊರಿಂದೂರಿಗೆ ದೂರ ಜಾಸ್ತಿ, ಒಳ್ಳೆಯ ಆಸ್ಪತ್ರೆ ಕಡಿಮೆ. ಅದೇ ದ್ವೀಪದ ಪಶ್ಚಿಮ ಭಾಗದಲ್ಲಿರುವ ಹೈಟಿ ದೇಶದ ಗಡಿಯ ಕಡೆ ಸೈನಿಕರು ಬಸ್ಸು, ಕಾರು ನಿಲ್ಲಿಸಿ ಕಾಗದ ಕೇಳುತ್ತಾರೆ. ಕಾಗದಪತ್ರ ಇಲ್ಲದೆ ಬಂದ ಹೈಟಿಯವರನ್ನು ಹುಡುಕುವ ಈ ತಪಾಸಣೆಯಲ್ಲಿ ಮೈಬಣ್ಣ ಕಪ್ಪಗಿರುವವರನ್ನೇ ಮೊದಲು ಕೇಳುವುದು ಅಂತ ಅಮೆರಿಕದ ರಾಯಭಾರ ಕಚೇರಿ 2022ರಲ್ಲಿ ತನ್ನ ಪ್ರಜೆಗಳಿಗೇ ಎಚ್ಚರಿಕೆ ಕೊಟ್ಟಿತ್ತು. ನಮ್ಮ ಬಣ್ಣ ನೋಡಿಯೂ ಕೇಳಬಹುದು. ದೇಶದ ಯಾವ ಮೂಲೆಗೆ ಹೋದರೂ ಪಾಸ್‌ಪೋರ್ಟಿನ ಜೆರಾಕ್ಸ್ ಮತ್ತು ಒಳಬಂದ ಮುದ್ರೆಯ ಫೋಟೋ ಜೇಬಿನಲ್ಲಿರಲಿ. ಮುಂದೊಮ್ಮೆ ನೀವಿಬ್ಬರೇ ಬಂದಾಗ ಡ್ರೈವರ್ ಸಮೇತ ಗಾಡಿ ಮಾಡಿಕೊಂಡು ಅಲ್ಲಿಗೇ ಒಂದು ವಾರ ಇಡಿ.

ಇನ್ನು ಕಾರು. ಅಮೆರಿಕದ ಲೈಸೆನ್ಸ್ ನಡೆಯುತ್ತದೆ, ಗಾಡಿಯೂ ಸಿಗುತ್ತದೆ. ಆದರೂ ಬೇಡ ಅನ್ನುತ್ತೇನೆ. ರಸ್ತೆ ಅಪಘಾತದ ಸಾವು ಅತಿ ಜಾಸ್ತಿ ಇರುವ ದೇಶಗಳಲ್ಲಿ ಇದೂ ಒಂದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಅಂಶಗಳೇ ಹೇಳುತ್ತವೆ. ಕತ್ತಲಾದ ಮೇಲೆ ಲೈಟಿಲ್ಲದ ಬೈಕುಗಳು ಎದುರಿಗೆ ಬರುತ್ತವೆ. ಬಣ್ಣ ಹೊಡೆಯದ ಹಂಪ್‌ಗಳು ಹತ್ತಿರ ಬಂದ ಮೇಲೇ ಕಾಣುವುದು. ಬೆಂಗಳೂರಲ್ಲಿ ಓಡಿಸಿದ್ದೇನೆ ಅನ್ನುವ ಧೈರ್ಯ ಹಗಲಿಗೆ ಸಾಕು, ರಾತ್ರಿಗೆ ಸಾಲದು. ಸಾಂಟೊ ಡೊಮಿಂಗೊದಿಂದ ದೊಡ್ಡ ಊರುಗಳಿಗೆ ಕರೀಬೆ ಟೂರ್ಸ್, ಮೆಟ್ರೊ ಕಂಪನಿಗಳ ಒಳ್ಳೆಯ ಬಸ್ಸುಗಳಿವೆ. ಎ.ಸಿ. ಎಷ್ಟು ಜೋರು ಅಂದರೆ ಊರಿನವರೇ ಜಾಕೆಟ್ ಹಾಕಿಕೊಂಡು ಹತ್ತುತ್ತಾರೆ. ಅಮ್ಮನ ಶಾಲು ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ. ನಗರದೊಳಗೆ ಊಬರ್ ಇದೆ. ಮೋಟೊಕಾಂಚೊ ಅನ್ನುವ ಬೈಕ್ ಟ್ಯಾಕ್ಸಿ ಹತ್ತಬೇಡಿ. ಗುವಾಗುವಾ ಅನ್ನುವ ಮಿನಿ ಬಸ್ಸು ಹಗಲಲ್ಲಿ, ಹತ್ತಿರದ ಊರಿಗೆ ಪರವಾಗಿಲ್ಲ. ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲುತ್ತದೆ, ಜನ ತುಂಬುತ್ತಲೇ ಇರುತ್ತಾರೆ.

ಸಾಂಟೊ ಡೊಮಿಂಗೊದಲ್ಲಿ ಹಳೆಯ ಪೇಟೆಯೊಳಗೇ ಉಳಿಯಿರಿ, ಅದನ್ನು ಸೋನಾ ಕೊಲೋನಿಯಲ್ ಅನ್ನುತ್ತಾರೆ. ಅಮೆರಿಕ ಖಂಡದಲ್ಲಿ ಸ್ಪೇನಿನವರು ಕಟ್ಟಿದ ಮೊದಲ ಕ್ಯಾಥೆಡ್ರಲ್, ಕೊಲಂಬಸ್‌ನ ಮಗ ಡಿಯೆಗೊ ವಾಸವಿದ್ದ ಅರಮನೆ, ಹಳೆಯ ಕೋಟೆ ಎಲ್ಲವೂ ನಡೆದು ಮುಟ್ಟುವಷ್ಟು ಹತ್ತಿರ. 1990ರಿಂದ ಇದು ಯುನೆಸ್ಕೊ ಪಟ್ಟಿಯಲ್ಲಿದೆ. ಬೆಳಿಗ್ಗೆ ಒಂಬತ್ತರೊಳಗೆ ಒಂದು ಸುತ್ತು, ಸಂಜೆ ಐದರ ಮೇಲೆ ಇನ್ನೊಂದು. ನಡುವಿನ ಬಿಸಿಲಲ್ಲಿ ಮನೆ ಸೇರಿ. ಕೋಣೆ ಹಿಡಿಯುವಾಗ ನಾಲ್ಕು ವಿಷಯ ಕೇಳಿ: ನೆಲಮಹಡಿಯಾ ಅಥವಾ ಲಿಫ್ಟ್ ಇದೆಯಾ, ಬಿಸಿನೀರು ಬರುತ್ತದಾ, ಕರೆಂಟ್ ಹೋದರೆ ಇನ್ವರ್ಟರ್ ಇದೆಯಾ, ಅಡುಗೆಮನೆ ಇದೆಯಾ. ಹಳೆಯ ಮನೆಗಳ ಕಲ್ಲಿನ ಮೆಟ್ಟಿಲು ಮಂಡಿಗೆ ಒಳ್ಳೆಯದಲ್ಲ. ಐದು ರಾತ್ರಿ ಯಾಕೆ ಅಂದರೆ ಊರಿನ ರಾಗ ಹಿಡಿಯುವುದಕ್ಕೆ. ಸಂಜೆ ಕೊಲ್ಮಾಡೊ ಅನ್ನುವ ಮೂಲೆ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಡಾಮಿನೊ ಆಡುತ್ತಾರೆ, ಕಾಯಿಯನ್ನು ಟೇಬಲ್ ಮೇಲೆ ಬಡಿಯುವ ಸದ್ದು ಬೀದಿಯ ಕೊನೆಗೂ ಕೇಳುತ್ತದೆ. ಪಕ್ಕದಲ್ಲೇ ಸ್ಪೀಕರಿನಲ್ಲಿ ಬಚಾಟಾ ಹಾಡು. ರಾತ್ರಿ ಬೇಗ ಮಲಗುವವರು ಬೀದಿ ಕಡೆಯ ಕೋಣೆ ಬೇಡ ಅನ್ನಿ.

ಸಮನಾಕ್ಕೆ ಬಸ್ಸಿನಲ್ಲಿ ಹೋಗಿ, ಲಾಸ್ ಟೆರೆನಾಸ್‌ನಲ್ಲಿ ಉಳಿಯಿರಿ. ಊರು ಸಮತಟ್ಟು. ಅಮ್ಮ ನಿಧಾನಕ್ಕೆ ಕಡಲ ದಂಡೆಯಲ್ಲೇ ನಡೆಯಬಹುದು. ಫ್ರೆಂಚರು, ಇಟಲಿಯವರು ಬಂದು ನೆಲೆಸಿದ್ದರಿಂದ ಬೇಕರಿಗಳಿವೆ, ಅಡುಗೆಮನೆ ಇರುವ ಅಪಾರ್ಟ್‌ಮೆಂಟ್‌ಗಳೂ ಧಾರಾಳ. ನೀವು ಫೆಬ್ರವರಿ ಆರಿಸಿದ್ದಕ್ಕೆ ಶಹಬ್ಬಾಸ್ ಅನ್ನಬೇಕು. ಜನವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಉತ್ತರ ಅಟ್ಲಾಂಟಿಕ್‌ನ ಹಂಪ್‌ಬ್ಯಾಕ್ ತಿಮಿಂಗಿಲಗಳು ಕೂಡಲು, ಮರಿ ಹಾಕಲು ಸಮನಾ ಕೊಲ್ಲಿಗೆ ಬರುತ್ತವೆ. ಮೊದಲು ಬಿಳಿ ಆವಿಯ ಚಿಲುಮೆ, ಆಮೇಲೆ ಕರಿಬೆನ್ನು, ಕೊನೆಗೆ ಮುಳುಗುವಾಗ ಎತ್ತಿದ ಬಾಲ. ಬಾಲದಡಿಯ ಕಪ್ಪು–ಬಿಳುಪು ಗುರುತು ಒಂದೊಂದಕ್ಕೆ ಒಂದೊಂದು ಥರ. ಸಂಶೋಧಕರು ತಿಮಿಂಗಿಲಗಳನ್ನು ಗುರುತು ಹಿಡಿಯುವುದು ಅದರಿಂದಲೇ. ಪರವಾನಗಿ ಇರುವ, ತಿಮಿಂಗಿಲದಿಂದ ದೂರ ನಿಲ್ಲುವ ದೋಣಿಯನ್ನೇ ಆರಿಸಿ. ಕೊಲ್ಲಿಯ ಬಾಯಲ್ಲಿ ಅಲೆ ಜೋರು, ಆದ್ದರಿಂದ ಬೆಳಗಿನ ದೋಣಿ ಹಿಡಿಯಿರಿ. ವಾಂತಿ ಮಾತ್ರೆ ಹತ್ತುವ ಮುಂಚೆಯೇ ನುಂಗಿರಬೇಕು. ಅಮ್ಮ ದೋಣಿ ಬೇಡ ಅಂದರೆ ಪುಂಟಾ ಬಲಾಂಡ್ರಾ ಎಂಬಲ್ಲಿ ದಡದ ಮೇಲಿಂದಲೇ ನೋಡುವ ಜಾಗ ಇದೆ, ಬೈನಾಕ್ಯುಲರ್ ಇಟ್ಟುಕೊಳ್ಳಿ. ಎಲ್ ಲಿಮೋನ್ ಜಲಪಾತಕ್ಕೆ ಕುದುರೆ ಮೇಲೆ, ಕೆಸರುದಾರಿಯಲ್ಲಿ ಹೋಗಬೇಕು. ನೀವಿಬ್ಬರು ಹೋಗಿ ಬನ್ನಿ. ಲೋಸ್ ಐಟೀಸೆಸ್ ಕಾಂಡ್ಲಾ ಕಾಡಿಗೆ ಮೂವರೂ ಹೋಗಬಹುದು. ಅಲ್ಲಿನ ಗುಹೆಗಳಲ್ಲಿ ಕೊಲಂಬಸ್‌ಗಿಂತ ಮುಂಚಿನ ಟಾಯ್ನೊ ಜನ ಬರೆದ ಚಿತ್ರಗಳಿವೆ.

ಲಾಸ್ ಟೆರೆನಾಸ್‌ನಿಂದ ಉತ್ತರ ಕರಾವಳಿಗೆ ಗುವಾಗುವಾ ಬದಲಿಸುತ್ತಾ ಹೋಗಬೇಕು. ಇಡೀ ಪ್ರವಾಸದಲ್ಲಿ ಟ್ಯಾಕ್ಸಿಗೆ ದುಡ್ಡು ಬಿಚ್ಚಬೇಕಾದ ದಿನ ಇದೇ. ಕಬರೆಟೆಯಲ್ಲಿ ಉಳಿಯಿರಿ. ಮಧ್ಯಾಹ್ನ ಗಾಳಿ ಎದ್ದ ಕೂಡಲೇ ಗಾಳಿಪಟದ ಸರ್ಫಿಂಗ್‌ನವರು ಕಡಲ ತುಂಬ. ಈಜುವುದಿದ್ದರೆ ಬೆಳಿಗ್ಗೆ. ಪಕ್ಕದ ಸೊಸುವಾಗೆ ಹಗಲಲ್ಲಿ ಹೋಗಿ, ಸಂಜೆಯ ಪೇಟೆ ಬೀದಿ ಅಮ್ಮನ ಜೊತೆ ಅಡ್ಡಾಡುವಂಥದ್ದಲ್ಲ. ಸೊಸುವಾಕ್ಕೆ ಒಂದು ವಿಚಿತ್ರ ಚರಿತ್ರೆ ಇದೆ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡ ಯಹೂದಿಗಳನ್ನು ಬೇರೆ ದೇಶಗಳು ಬೇಡ ಅನ್ನುತ್ತಿದ್ದಾಗ, ಒಂದು ಲಕ್ಷ ಜನರನ್ನು ಕರೆದುಕೊಳ್ಳುತ್ತೇನೆ ಅಂದವನು ಇಲ್ಲಿನ ಸರ್ವಾಧಿಕಾರಿ ಟ್ರುಹಿಯೊ. ಅದರ ಹಿಂದಿನ ವರ್ಷವಷ್ಟೇ ಸಾವಿರಾರು ಹೈಟಿಯವರನ್ನು ಕೊಲ್ಲಿಸಿದವನೂ ಅವನೇ. ಕೆಟ್ಟ ಹೆಸರು ತೊಳೆದುಕೊಳ್ಳುವ ಉಪಾಯ ಅನ್ನುತ್ತಾರೆ ಇತಿಹಾಸಕಾರರು. ಬಂದದ್ದು ಕೆಲವು ನೂರು ಜನ. ಅವರು ಇಲ್ಲಿ ಹೈನುಗಾರಿಕೆ ಕಟ್ಟಿದರು. ಅಂಗಡಿಯಲ್ಲಿ ಸೊಸುವಾ ಹೆಸರಿನ ಚೀಸ್ ಈಗಲೂ ಸಿಗುತ್ತದೆ. ಪ್ವೆರ್ಟೊ ಪ್ಲಾಟಾದ ಕೇಬಲ್ ಕಾರು ಅಮ್ಮನಿಗೆ ಇಷ್ಟವಾದೀತು. ಆದರೆ ಗಾಳಿ, ಮೋಡ, ರಿಪೇರಿ ಅಂತ ನಿಂತುಹೋಗುವುದುಂಟು. ಓಡುತ್ತಿದೆಯಾ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ.

ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಸಲ್ಸೇಡೊ ಬಳಿ ಮಿರಾಬಲ್ ಅಕ್ಕತಂಗಿಯರ ಮನೆ ಇದೆ, ಈಗ ಮ್ಯೂಸಿಯಂ. ಟ್ರುಹಿಯೊನನ್ನು ಎದುರಿಸಿದ ಮೂವರನ್ನು 1960ರ ನವೆಂಬರ್ 25ರಂದು ಕೊಂದರು. ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧ ವಿಶ್ವಸಂಸ್ಥೆ ಆಚರಿಸುವ ದಿನ ಅದೇ. ಗಾಡಿ ನಿಲ್ಲಿಸಿ, ಒಂದು ಗಂಟೆ ಕೊಡಿ. ಬೆಟ್ಟದಲ್ಲಿ ಹರಬಕೋವಾದಲ್ಲಿ ಮೂರು ರಾತ್ರಿ, ಕೊನ್ಸ್ಟಾನ್ಸಾದಲ್ಲಿ ಎರಡು. ಕೊನ್ಸ್ಟಾನ್ಸಾ ಸುಮಾರು 1,200 ಮೀಟರ್ ಎತ್ತರದ ಬಟ್ಟಲಿನಂಥ ಕಣಿವೆ. ತುಂಬ ಬೆಳ್ಳುಳ್ಳಿ, ಸ್ಟ್ರಾಬೆರಿ, ತರಕಾರಿ ಹೊಲಗಳು. 1950ರ ದಶಕದಲ್ಲಿ ಜಪಾನಿನ ರೈತರೂ ಬಂದು ನೆಲೆಸಿದರು. ರಾತ್ರಿ ಸ್ವೆಟರ್ ಬೇಕೇ ಬೇಕು.

ಈಗ ಊಟ. ಭಯಪಡುವಂಥದ್ದೇನಿಲ್ಲ, ಆದರೆ ಕೇಳಿ ತಿನ್ನಬೇಕು. ಬೆಳಗಿನ ತಿಂಡಿ ಮಂಗೂ: ಬಾಳೆಕಾಯಿ ಬೇಯಿಸಿ, ಬೆಣ್ಣೆ ಹಾಕಿ ಮಸೆದು, ಮೇಲೆ ವಿನೆಗರ್‌ನಲ್ಲಿ ಬಾಡಿಸಿದ ಕೆಂಪು ಈರುಳ್ಳಿ ಹಾಕುತ್ತಾರೆ. ಮಾಮೂಲಿಯಾಗಿ ಜೊತೆಗೆ ಮೊಟ್ಟೆ, ಸಲಾಮಿ, ಕರಿದ ಚೀಸ್ ಬರುತ್ತದೆ. ನೀವು "ಸೋಲೊ ಕೋನ್ ಕೇಸೊ", ಚೀಸ್ ಮಾತ್ರ, ಅನ್ನಿ. ಚೀಸ್‌ಗೂ ಸಲಾಮಿಗೂ ಒಂದೇ ಎಣ್ಣೆ ಇರಬಹುದು, ಅಮ್ಮನಿಗೆ ಅದು ಒಪ್ಪದಿದ್ದರೆ ಬರೀ ಮಂಗೂ ಸಾಕು. ಮಧ್ಯಾಹ್ನ ಕೊಮೆಡೋರ್ ಅನ್ನುವ ಸಣ್ಣ ಊಟದ ಮನೆಗೆ ಹನ್ನೆರಡಕ್ಕೇ ಹೋಗಿ. ಗಾಜಿನ ಹಿಂದೆ ಟ್ರೇಗಳಲ್ಲಿ ಅನ್ನ, ಕೆಂಪು ಬೀನ್ಸ್ ಸಾರು, ಬದನೆಕಾಯಿ ಪಲ್ಯ, ಬೆಣ್ಣೆಹಣ್ಣು, ಕರಿದ ಬಾಳೆಕಾಯಿ ಇಟ್ಟಿರುತ್ತಾರೆ. ಬೆರಳು ತೋರಿಸಿದರೆ ಬಡಿಸುತ್ತಾರೆ. ತಳ ಹಿಡಿದ ಗರಿಗರಿ ಅನ್ನಕ್ಕೆ ಕೊಂಕೋನ್ ಅಂತ ಹೆಸರು, ಅದನ್ನು ಆಸೆಪಟ್ಟು ಕೇಳಿ ಹಾಕಿಸಿಕೊಳ್ಳುತ್ತಾರೆ. ತೊಂದರೆ ಇರುವುದು ಬೀನ್ಸ್‌ನಲ್ಲಿ. ಹಂದಿಮಾಂಸದ ತುಣುಕು ಇಲ್ಲದಿದ್ದರೂ, ಸೊಪೀಟಾ ಅನ್ನುವ ಕೋಳಿಸಾರಿನ ಮಸಾಲೆ ಬಿಲ್ಲೆ ಸಾಮಾನ್ಯವಾಗಿ ಹಾಕಿರುತ್ತಾರೆ. "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತಷ್ಟೇ. ಕೋಳಿ, ಮೀನು, ಸೊಪೀಟಾ ಒಂದೊಂದನ್ನೂ ಹೆಸರು ಹೇಳಿಯೇ ಕೇಳಬೇಕು. ಊರ ಹೊರಗೆ ಇಂಗ್ಲಿಷ್ ಕಡಿಮೆ, ಈ ಪ್ರಶ್ನೆಗಳನ್ನು ಸ್ಪ್ಯಾನಿಷ್‌ನಲ್ಲಿ ಒಂದು ಕಾರ್ಡಿನ ಮೇಲೆ ಬರೆಸಿಟ್ಟುಕೊಳ್ಳಿ.

ಅದಕ್ಕೇ ಅಡುಗೆಮನೆ ಇರುವ ಕೋಣೆ ಅಂದದ್ದು. ಕರೆಂಟು, ಪ್ಲಗ್ ಅಮೆರಿಕದ್ದೇ ಥರ, ನಿಮ್ಮ ಪುಟ್ಟ ರೈಸ್ ಕುಕ್ಕರ್ ಹಾಗೇ ನಡೆಯುತ್ತದೆ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಜೊತೆಗಿದ್ದರೆ ರಾತ್ರಿ ಊಟದ ಚಿಂತೆ ಇಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು ನಿಮ್ಮ ದಿನಗಳಲ್ಲೇ ಶುರುವಾದರೆ ಹಬಿಚುವೆಲಾಸ್ ಕೋನ್ ಡುಲ್ಸೆ ತಿನ್ನಿಸಿ. ಕೆಂಪು ಬೀನ್ಸ್ ಅರೆದು ತೆಂಗಿನಹಾಲು, ಸಕ್ಕರೆ, ಗೆಣಸು, ಚಕ್ಕೆ, ಲವಂಗ ಹಾಕಿ ಕುದಿಸಿದ್ದು, ಪಕ್ಕಾ ನಮ್ಮ ಪಾಯಸದ ಅಕ್ಕನ ಮಗಳು. ನಲ್ಲಿ ನೀರು ಮಾತ್ರ ಯಾರೂ ಕುಡಿಯಬೇಡಿ. ಡೆಂಗಿ ಇದೆ, ಸೊಳ್ಳೆ ಕ್ರೀಮ್ ಇರಲಿ.

ದುಡ್ಡಿನ ಬಗ್ಗೆ ಎರಡು ಮಾತು. ಡಾಲರಿಗೆ 60 ಪೆಸೊ ಆಸುಪಾಸು. ಕೊಲ್ಮಾಡೊ, ಗುವಾಗುವಾಗಳಲ್ಲಿ ನಗದು ಮಾತ್ರ. ಬೀದಿಯ ಎ.ಟಿ.ಎಂ. ಬಿಟ್ಟು ಬ್ಯಾಂಕಿನ ಒಳಗಿನದ್ದನ್ನೇ ಬಳಸಿ. ಹೋಟೆಲ್ ಮೆನುವಿನ ದರಕ್ಕೆ ಶೇ. 18 ತೆರಿಗೆ, ಶೇ. 10 ಸೇವಾಶುಲ್ಕ ಸೇರಿಸುವುದು ಅಲ್ಲಿನ ಕಾನೂನು. ಬಿಲ್ ನೋಡಿ ಬೆಚ್ಚಬೇಡಿ, ಅಮೆರಿಕದ ಅಭ್ಯಾಸಕ್ಕೆ ಅದರ ಮೇಲೆ ಮತ್ತೆ ಶೇ. 20 ಟಿಪ್ಸ್ ಇಡುವುದೂ ಬೇಡ.

ಬುಕ್ ಮಾಡುವಾಗ ಬೆಟ್ಟದ ಐದು ರಾತ್ರಿಗಳ ನಡುವೆ ಒಂದು ಭಾನುವಾರ ಬರುವಂತೆ ನೋಡಿಕೊಳ್ಳಿ. ಫೆಬ್ರವರಿಯ ಭಾನುವಾರಗಳಲ್ಲಿ ಲಾ ವೇಗಾದಲ್ಲಿ ಕಾರ್ನಿವಲ್, ಹರಬಕೋವಾದಿಂದ ಬೆಟ್ಟ ಇಳಿದರೆ ಅದೇ ಊರು. ಕೊಂಬು, ಕೋರೆಹಲ್ಲಿನ ಮುಖವಾಡ, ಗೆಜ್ಜೆ ಕಟ್ಟಿದ ಬಣ್ಣದ ಬಟ್ಟೆ ಹಾಕಿಕೊಂಡ ದೆವ್ವಗಳು ಬರುತ್ತವೆ. ಹಗ್ಗಕ್ಕೆ ಕಟ್ಟಿದ, ಗಾಳಿ ತುಂಬಿದ ಚೀಲ ಬೀಸಿ, ದಾರಿಯಲ್ಲಿ ಸಿಕ್ಕವರ ಕುಂಡಿಗೆ ಬಾರಿಸುತ್ತವೆ. ತಮಾಷೆಯ ಏಟೇ, ಆದರೆ ಬಾಸುಂಡೆ ಬರುವುದುಂಟು. ದೆವ್ವಗಳ ದಾರಿಗೆ ಇಳಿಯುವುದಿದ್ದರೆ ನೀವಿಬ್ಬರು ದಪ್ಪ ಜೀನ್ಸ್ ಹಾಕಿಕೊಂಡು ಇಳಿಯಿರಿ. ಅಮ್ಮನಿಗೆ ಬೀದಿ ಬದಿಯ ಮಹಡಿ ಹೋಟೆಲಿನಲ್ಲೋ, ದುಡ್ಡು ಕೊಟ್ಟು ಕೂರುವ ಅಟ್ಟಣಿಗೆಯಲ್ಲೋ ಜಾಗ ಹಿಡಿಯಿರಿ, ಮಧ್ಯಾಹ್ನ ಎರಡರೊಳಗೇ.

ಕೊನೆಯದಾಗಿ, ಹೋಗುವ ಮುಂಚೆ ಮೂವರಿಗೂ ಇ-ಟಿಕೆಟ್ ಎಂಬ ಸರ್ಕಾರಿ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು, ಹೋಗುವುದಕ್ಕೂ ವಾಪಸ್ ಹೊರಡುವುದಕ್ಕೂ. ಅದು ಉಚಿತ. ದುಡ್ಡು ಕೇಳುವ ಸೈಟು ಸಿಕ್ಕರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.